ಬಾವಿಕಟ್ಟೆಯ ವಿರ್ತುದೆಸ್

"ಅಮ್ಮಾ, ಹಿನೆಸ್ ತಾತ ಒಟ್ಟು ಎಷ್ಟು ಸಲ ಸತ್ತಿದಾರೆ?"

ಐದು ವರ್ಷದ ನೂರಿಯಾ ಹೀಗೆ ಕೇಳಿದಾಗ ಆರಸೇಲಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಾಣಲೆಯಲ್ಲಿ ರವೆ ಕೈಯಾಡಿಸುತ್ತಿದ್ದಳು. ತಬೆರ್ನಾಸ್ ಊರಿನಲ್ಲಿ ಮೋಡ ಕಟ್ಟಿದ ದಿನ ಎಲ್ಲರ ಮನೆಯಲ್ಲೂ ಬೆಳ್ಳುಳ್ಳಿ ಹಾಕಿ ರವೆಯ ಮೀಗಾಸ್ ಹುರಿಯುತ್ತಾರೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಘಮವಾದರೂ ಬೀದಿ ತುಂಬುತ್ತದೆ.

"ಮೂವತ್ತೊಂದು ಸಲ ಅಂತ ಅವರೇ ಹೇಳ್ತಾರೆ."

"ನೋವಾಗಲ್ವಾ?"

"ಬಾಗಿಲಲ್ಲಿ ನಿಂತು ಸತ್ರೆ ಏನೂ ಆಗಲ್ವಂತೆ. ಮಾಳಿಗೆಯಿಂದ ಬಿದ್ದು ಸತ್ರೆ ಆಗುತ್ತಂತೆ. ಕುದುರೆ ಮೇಲಿಂದಾದ್ರೆ ಒಂದು ವಾರ ಕೂರೋಕಾಗಲ್ವಂತೆ. ಹೋಗು, ತಾತನ ತಟ್ಟೆ ತಗೊಂಡು ಬಾ."

ಪಕ್ಕದ ಮನೆಯ ಹಿನೆಸ್ ಹರೆಯದಲ್ಲಿ ಗುಡ್ಡದ ಎಸ್ಪಾರ್ತೊ ಹುಲ್ಲು ಕಿತ್ತು ಹೊಟ್ಟೆ ಹೊರೆಯುತ್ತಿದ್ದವನು. ಇಟಲಿಯ ಸಿನಿಮಾದವರು ಲಾರಿಗಳಲ್ಲಿ ಹಲಗೆಗಳನ್ನು ಹೇರಿಕೊಂಡು ಬಂದು, ತಮ್ಮ ಕೌಬಾಯ್ ಚಿತ್ರಗಳಿಗೆಂದು ಬೋಳು ಗುಡ್ಡಗಳ ನಡುವೆ ಒಂದು ಸುಳ್ಳು ಊರು ಕಟ್ಟಿದರು. ಹಿನೆಸನ ತಲೆಗೊಂದು ಟೋಪಿ ಇಟ್ಟರು. ಗುಂಡು ತಗುಲಿದವನು ಮೊದಲು ಮೊಣಕಾಲು ಮಡಚಬೇಕು, ಆಮೇಲೆ ಹೆಗಲು ತಿರುಗಿಸಬೇಕು ಎಂದು ಕಲಿಸಿದರು. ಊರಿನಲ್ಲಿ ಅವನಷ್ಟು ಚೆನ್ನಾಗಿ ಬೀಳುವವರು ಯಾರೂ ಇರಲಿಲ್ಲ. ಯಾವ ಚಿತ್ರದಲ್ಲೂ ಅವನಿಗೆ ಒಂದು ಮಾತು ಸಿಗಲಿಲ್ಲ.

ಆಗ ಟೆಂಟಿನಲ್ಲಿ ಚಿತ್ರ ಗಾಳಿಯಂತೆ ಬಂದು ಹೋಗುತ್ತಿತ್ತು. ತಡಿ, ಒಂದು ನಿಮಿಷ ನಿಲ್ಲು ಎಂದು ಅದಕ್ಕೆ ಹೇಳುವಂತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಕಸಿಮೀರೊನ ಬಾರಿಗೆ ಕ್ಯಾಸೆಟ್ ಯಂತ್ರ ಬಂತು, ಅದರಲ್ಲಿ ನಿಲ್ಲಿಸುವ ಗುಂಡಿ ಇತ್ತು. ಅಲ್ಲಿಂದ ತಬೆರ್ನಾಸಿನವರು ಈ ಚಿತ್ರಗಳನ್ನು ಹಿಂದಿನಿಂದ ನೋಡುವುದನ್ನು ಕಲಿತರು. ಮುಂದೆ ನಿಂತ ಹೀರೋ ಹೊರಗಿನವನು, ಅವನು ಗೆದ್ದರೆಷ್ಟು ಬಿಟ್ಟರೆಷ್ಟು. ಅವನ ಹೆಗಲ ಹಿಂದೆ ಕತ್ತೆ ಹಿಡಿದು ನಿಂತವನು ಯಾರು, ಕಿಟಕಿಯಲ್ಲಿ ಇಣುಕಿದವಳು ಯಾರು, ಅದು ಮುಖ್ಯ. ಭಾನುವಾರ ಮಧ್ಯಾಹ್ನ ಬಾರಿನಲ್ಲಿ ಚಿತ್ರ ಓಡುತ್ತದೆ. ಗುರುತಿನ ಮುಖ ಬಂದ ಕೂಡಲೇ ಕಸಿಮೀರೊ ನಿಲ್ಲಿಸುತ್ತಾನೆ. ಆ ಮನೆಯವರು ಎದ್ದು ಪೂರ್ತಿ ಹೆಸರು ಕೂಗುತ್ತಾರೆ. ಉಳಿದವರೆಲ್ಲ "ಇದ್ದಾನೆ" ಎನ್ನುತ್ತಾರೆ. ಆಮೇಲೆ ಚಿತ್ರ ಮುಂದಕ್ಕೆ ಹೋಗುತ್ತದೆ. ಹೀಗೆ ಕೂಗಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಈಗ ಸ್ಮಶಾನದಲ್ಲಿದ್ದಾರೆ. ನಿಲ್ಲಿಸಿ ನಿಲ್ಲಿಸಿ ಕ್ಯಾಸೆಟ್ಟು ಸವೆಯುವುದೂ ಅಲ್ಲೇ, ಆ ಮುಖಗಳ ಮೇಲೆ. ಅದಕ್ಕೆ ಕಸಿಮೀರೊ ಅದೇ ಚಿತ್ರವನ್ನು ಮತ್ತೆ ಮತ್ತೆ ಹೊಸದಾಗಿ ತರಿಸುತ್ತಾನೆ.

ಒಂದು ಹೆಸರನ್ನು ಮಾತ್ರ ಅಲ್ಲಿ ಯಾರೂ ಕೂಗಿರಲಿಲ್ಲ. ಅದು ಹಿನೆಸನ ಹೆಂಡತಿ ವಿರ್ತುದೆಸಳದು.

ಆಕೆಗೆ ಆಗ ಹತ್ತೊಂಬತ್ತು, ಮದುವೆಯಾಗಿರಲಿಲ್ಲ. ಒಂದೇ ಒಂದು ದಿನ ಆ ಸುಳ್ಳು ಊರಿಗೆ ಹೋಗಿ, ಕರಿ ಶಾಲು ಹೊದ್ದು, ಮಡಕೆ ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ಅಲ್ಲಾಡಕೂಡದು ಎಂದು ಹೇಳಿದ್ದರು. ಹಿನೆಸ್ ಮಾಳಿಗೆಯಿಂದ ಬಿದ್ದ. "ನೀನು ನಿಜವಾಗ್ಲೂ ಸತ್ತೆ ಅಂದ್ಕೊಂಡು ಓಡಿ ಬಂದೆ," ಎಂದು ಜೀವನವಿಡೀ ಹೇಳುತ್ತಿದ್ದಳು. ಹಿನೆಸ್ ನೋಡಿರಲಿಲ್ಲ, ಸತ್ತವನು ತಲೆಯೆತ್ತಿ ನೋಡುವ ಹಾಗಿಲ್ಲ. ಟೆಂಟಿಗೆ ಚಿತ್ರ ಬಂದಾಗ ಅವನು ದೂರದ ಮೆಲಿಯಾದಲ್ಲಿ ಸೈನ್ಯದಲ್ಲಿದ್ದ, ಅವಳನ್ನು ಅಪ್ಪ ಕಳಿಸಲಿಲ್ಲ. ಉಳಿದವರು ಆಗಿನ್ನೂ ಹೀರೋನನ್ನೇ ನೋಡುತ್ತಿದ್ದರು. ಮುಂದೆ ಬಂದ ಕ್ಯಾಸೆಟ್ಟಿನಲ್ಲಿ ಮಾಳಿಗೆ ಇತ್ತು, ಬೀಳುವ ಹಿನೆಸ್ ಇದ್ದ, ಬಾವಿಯೇ ಇರಲಿಲ್ಲ.

ಊರು ನಕ್ಕಿತು. "ವಿರ್ತುದೆಸ್ ಅಕ್ಕಾ, ಬಾವಿಯೊಳಗೆ ಬಿದ್ದುಬಿಟ್ಟಿದ್ಯಾ?" ಎಂದು ಕಸಿಮೀರೊ ಕೇಳುತ್ತಿದ್ದ. ಹಿನೆಸ್ ಸುಮ್ಮನಿರುವ ಬದಲು ತಾನೂ ಸೇರಿಕೊಂಡ. "ಓಡಿದ್ಳಂತೆ ಇವಳು. ಹಲ್ಲು ಕಿಸಿದು ನಿಂತಿದ್ದಿರಬೇಕು." ತಮಾಷೆ ಇಪ್ಪತ್ತು ವರ್ಷ ನಡೆಯಿತು. ಕೊನೆಯ ಕಾಯಿಲೆಯಲ್ಲಿ ಒಂದು ದಿನ ಊಟದ ಮೇಜಿನಲ್ಲಿ ಆಕೆ, "ನೀನಾದ್ರೂ ನಂಬಬೇಕಿತ್ತು ಹಿನೆಸ್," ಎಂದಳು, ಅಷ್ಟೇ. ಆ ಮಾತು ಆರು ವರ್ಷದಿಂದ ಅವನ ಜೊತೆ ಅದೇ ಮೇಜಿಗೆ ಕೂರುತ್ತಿದೆ.

ಹೋದ ತಿಂಗಳು ಜರ್ಮನಿಯಲ್ಲಿರುವ ಅವನ ಅಕ್ಕನ ಮಗ ಆ ಚಿತ್ರದ ಹೊಸ ಡಿಸ್ಕ್ ಕಳಿಸಿದ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ ಹೇಳಿದವಳು ಆರಸೇಲಿ: ಅಗಲ ತೆರೆಯ ಚಿತ್ರವನ್ನು ಹಿಂದೆ ಟೀವಿಯ ಚೌಕಕ್ಕೆ ಹೊಂದಿಸಲು ಎರಡೂ ಪಕ್ಕ ಕತ್ತರಿಸಿದ್ದರು, ಈಗ ಪೂರ್ತಿ ಇದೆ. ಹಿನೆಸ್ ಡಬ್ಬಿಯನ್ನು ಕೈಯಿಂದ ತೆಗೆದುಕೊಂಡು ಬೀರುವಿನಲ್ಲಿಟ್ಟ. ಇಪ್ಪತ್ತು ದಿನ ಅದರ ಹಾಳೆ ಬಿಚ್ಚಲಿಲ್ಲ.

ಇವತ್ತು ಆರಸೇಲಿ ಅವನ ಒಪ್ಪಿಗೆ ಕೇಳಲಿಲ್ಲ. ತನ್ನ ಮನೆಯ ಡಿಸ್ಕ್ ಯಂತ್ರವನ್ನು ಕೂಸಿನ ಟವೆಲಿನಲ್ಲಿ ಸುತ್ತಿಕೊಂಡು, ಮೇಲೆ ಮೀಗಾಸ್ ತಟ್ಟೆ ಇಟ್ಟುಕೊಂಡು ಹೋದಳು. ನೂರಿಯಾ ಹಿಂದಿನಿಂದ ಬಂದಳು.

"ಅವಳು ಅಲ್ಲಿ ಇಲ್ದೇ ಇದ್ರೆ?" ಎಂದ ಹಿನೆಸ್.

"ಇಲ್ದಿದ್ರೆ ಇಲ್ಲ ಮಾವ. ಮೀಗಾಸ್ ಆರತ್ತೆ."

"ಇದ್ದು, ಓಡ್ದೇ ಇದ್ರೆ?"

ಆರಸೇಲಿ ತಂತಿ ಸಿಕ್ಕಿಸಿದಳು. ಕೂಸನ್ನು ಅವನ ಮಂಚದ ಮೇಲೆ ಮಲಗಿಸಿ ಸುತ್ತ ದಿಂಬು ಒತ್ತಿದಳು. ಕಿಟಕಿಯ ಹಲಗೆ ಎಳೆದಾಗ ಮಧ್ಯಾಹ್ನದ ಬೆಳಕು ಗೆರೆಗೆರೆಯಾಗಿ ನೆಲದ ಮೇಲೆ ಮಲಗಿತು, ಅದರಲ್ಲಿ ದೂಳು ನಿಧಾನಕ್ಕೆ ಈಜುತ್ತಿತ್ತು. ಹಿನೆಸನ ಕಣ್ಣಿನ ನಡುಭಾಗ ಎರಡು ವರ್ಷದಿಂದ ಮಸುಕು. ಕೋಳಿಯ ಹಾಗೆ ಮುಖವನ್ನು ಓರೆ ಮಾಡಿ ಕೂತ.

"ಹೀರೋ ಕಾಣಲ್ಲ ಮಗಳೇ, ಅಕ್ಕಪಕ್ಕ ಕಾಣತ್ತೆ. ನಮ್ಮೂರಿನವನಿಗೆ ಅಷ್ಟು ಸಾಕು."

ಚಿತ್ರ ತೆರೆದುಕೊಂಡಿತು. ಬಾಯಿಪಾಠವಾದ ಆ ಬೀದಿಗೆ ಯಾರೋ ರಾತ್ರೋರಾತ್ರಿ ಕಟ್ಟಿಸಿದಂತೆ ಆಚೆಗೊಂದು ಈಚೆಗೊಂದು ಮನೆ ಬೆಳೆದಿತ್ತು. ಗುಡ್ಡ ಇನ್ನಷ್ಟು ದೂರ ಹರಡಿಕೊಂಡಿತ್ತು. ತಾನು ಹುಟ್ಟುವ ಮುಂಚಿನ ಒಂದು ಮಧ್ಯಾಹ್ನಕ್ಕೆ ಯಾರೋ ತನ್ನನ್ನು ಕೈಹಿಡಿದು ಕರೆದೊಯ್ದಂತೆ ಆರಸೇಲಿಗೆ ಅನಿಸಿತು. ಮಾಳಿಗೆಯ ಮೇಲೆ ತೆಳ್ಳಗಿನ ಹುಡುಗನೊಬ್ಬ ಎದ್ದು ನಿಂತ. ಗುಂಡಿನ ಸದ್ದು. ಮೊಣಕಾಲು, ಹೆಗಲು, ಆಮೇಲೆ ದೂಳು.

ಎಡಗಡೆಯ ತುದಿಯಲ್ಲಿ ಬಾವಿ ಇತ್ತು.

"ಆ ಅಕ್ಕ ಮಡಕೆ ಬೀಳಿಸಿಬಿಟ್ಳು," ಎಂದಳು ನೂರಿಯಾ.

ಕರಿ ಶಾಲಿನ ಹುಡುಗಿ ಓಡಿದಳು. ಶಾಲು ಹೆಗಲಿನಿಂದ ಜಾರಿತು. ನಾಲ್ಕು ಹೆಜ್ಜೆ ಬಂದಿದ್ದಳೇನೋ, ಅಷ್ಟರಲ್ಲಿ ಹೀರೋನ ಮುಖ ತೆರೆಯ ತುಂಬ ಬಂತು.

"ಅವಳಿಗೆ ಬೈದ್ರಾ ತಾತ?"

"ಬೈದ್ರು ಪುಟ್ಟಾ. ನಾಳೆಯಿಂದ ಬರಬೇಡ ಅಂದ್ರು." ಹಿನೆಸನ ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. "ಮಡಕೆ ಒಡೆದಿದ್ದಕ್ಕೆ ಅಂತ ಅಂದ್ಕೊಂಡಿದ್ದೆ ನಾನು."

ಮತ್ತೆ ಹಾಕಿಸಿದ. ಮತ್ತೆ. ಏಳನೇ ಸಲ ಆರಸೇಲಿ ಎರಡನೇ ಹೆಜ್ಜೆಯಲ್ಲಿ ನಿಲ್ಲಿಸಿದಳು. ಒಂದು ಕಾಲು ನೆಲ ಬಿಟ್ಟಿತ್ತು, ಬಾಯಿ ತೆರೆದಿತ್ತು. ಹಿನೆಸ್ ಎದ್ದು ಹೋಗಿ ಟೀವಿಯ ಅಂಚಿನ ಮೇಲೆ ಅಂಗೈ ಇಟ್ಟ. ಗಾಜು ಬೆಚ್ಚಗಿತ್ತೋ ಏನೋ, ಬಹಳ ಹೊತ್ತು ತೆಗೆಯಲಿಲ್ಲ. ಮಂಚದ ಮೇಲೆ ಕೂಸು ಎದ್ದು ಗೊಣಗಿತು. ಆರಸೇಲಿ ಎತ್ತಿಕೊಂಡು ಹಾಲೂಡಿಸಲು ಕೂತಳು. ಅವನು ಬಂದು ಆರಿದ ಮೀಗಾಸನ್ನು ಒಂದು ಕಾಳೂ ಬಿಡದೆ ತಿಂದ.

ಆಮೇಲೆ ಚಮಚ ಕೆಳಗಿಟ್ಟು, ಮುಖ ಓರೆ ಮಾಡಿ ಅವಳನ್ನು ನೋಡಿದ.

"ಮಗಳೇ, ಒಂದು ಉಪಕಾರ ಮಾಡ್ತೀಯಾ? ಭಾನುವಾರ ಇದನ್ನ, ನಿನ್ನ ಯಂತ್ರಾನೂ ಕಸಿಮೀರೊ ಬಾರಿಗೆ ತಗೊಂಡು ಬಾ. ಇಲ್ಲೇ ನಿಲ್ಸು, ಈ ಕಾಲು ಎತ್ತಿರೋ ಕಡೆ. ಹೆಸರು ಮನೆಯವರು ಕೂಗಬೇಕು, ಗೊತ್ತು. ನನ್ನ ಕೈಲಾಗಲ್ಲ. ನೀನು ಕೂಗು. ಪೂರ್ತಿ ಹೆಸರು, ವಿರ್ತುದೆಸ್ ಊಸೆರೊ ಪ್ಲಾಸಾ ಅಂತ. ಕೊನೇ ಮೇಜಿಗೂ ಕೇಳಬೇಕು. 'ಇದ್ದಾಳೆ' ಅಂತ ಮೊದಲು ನಾನು ಹೇಳ್ತೀನಿ. ಅಷ್ಟು ಹೇಳೋಕಾಗತ್ತೆ."