ಪೆಟ್ರೋಲಿನಲ್ಲಿ ತೊಳೆದ ಬೇರಿಂಗ್

ಹೊಳೆನರಸೀಪುರದ ಹತ್ತಿರ ರೈಲ್ವೆ ಹಳಿಯ ಮೇಲೆ, ಮುಂದಿದ್ದ ಟ್ರಾಕ್ಟರ್ ನಿಧಾನಿಸಿತೆಂದು ಕ್ಲಚ್ ಒತ್ತಿ ಬ್ರೇಕ್ ಹಾಕಿದೆ. ನಮ್ಮ ಹಳೇ ಕಾರು ಕಿರ್ರೆಂದು ಅರಚಿ ಆಫ್ ಆಯಿತು. ಕ್ಲಚ್ ಪೆಡಲ್ ನೆಲಕ್ಕೆ ಅಂಟಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಮಂಡಿನೋವಿನ ಅಮ್ಮ. ಅಷ್ಟರಲ್ಲೇ ಗೇಟಿನ ಗಂಟೆ ಹೊಡೆದುಕೊಳ್ಳತೊಡಗಿತು.

ಗೇಟಿನವನು ಓಡಿಬಂದು ಕೂಗಿದ: “ಫಸ್ಟ್ ಗೇರಿಗೆ ಆಕಿ ಸೆಲ್ಫ್ ಹೊಡೀರಿ ಸಾ, ಬುಡ್ಬೇಡಿ!”

ಟ್ರಾಕ್ಟರ್ ಆಗಲೇ ಮುಂದೆ ಹೋಗಿತ್ತು. ಗೇರ್ ಹಾಕಿ ಕೀ ತಿರುಚಿ ಹಿಡಿದೆ. ಸೆಲ್ಫ್ ಮೋಟಾರಿನ ಬಲದಲ್ಲೇ ಕಾರು ಕುಪ್ಪಳಿಸುತ್ತಾ ಹಳಿ ದಾಟಿತು. ಆಚೆ ರಸ್ತೆ ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

ಹಿಂದೊಮ್ಮೆ ಕ್ಲಚ್ ರಿಪೇರಿ ಮಾಡಿಸುವಾಗ, ಹೊಸ ಕ್ಲಚ್ ಬೇರಿಂಗ್‌ಗಿಂತ ಹಳೇ ಕಂಪನಿ ಮಾಲೇ ಗಟ್ಟಿಯೆಂದು ಹಾಸನದ ಗುಜರಿಯಲ್ಲಿ ನಾನೇ ಆರಿಸಿ ತಂದಿದ್ದೆ. ಜಮೀನಿನ ಪಂಪ್‌ಸೆಟ್ಟಿನ ಬೇರಿಂಗ್ ತೊಳೆಯುವಂತೆ ಅದನ್ನೂ ಪೆಟ್ರೋಲಿನಲ್ಲಿ ತೊಳೆದು, ಹಗುರಾಗಿ ತಿರುಗಿದ್ದಕ್ಕೆ ಹಿಗ್ಗಿ ಹಾಕಿಸಿದ್ದೆ. ಮೆಕ್ಯಾನಿಕ್ ಈಗ ಕ್ಲಚ್ ಬಿಚ್ಚಿ, ಪುಡಿಯಾದ ಆ ಬೇರಿಂಗಿನ ಚೂರುಗಳನ್ನು ನನ್ನ ಅಂಗೈಗೆ ಸುರಿದ. “ಇದು ಸೀಲ್ ಮಾಡಿರೋ ಮಾಲು ಕಣ್ ಸಾ. ತೊಳುದ್ರೆ ಒಳಗಿನ ಗ್ರೀಸೆಲ್ಲ ಒಂಟೋಯ್ತದೆ. ಅಗುರಾಗಿ ತಿರುಗ್ತು ಅಂದ್ರೆ ಒಣಗೋಗದೆ ಅಂತ್ಲೇ.”

ಈಗ ಹೊಸ ಬೇರಿಂಗ್ ಇದೆ, ಸದ್ದಿಲ್ಲ. ಆದರೂ ಅಮ್ಮ ಗೇಟಿಗೆ ಮುಂಚೆಯೇ ಇಳಿದು, ಕುಂಟುತ್ತಾ ಹಳಿ ದಾಟಿ, ಆಚೆ ನಿಂತು ಕಾಯುತ್ತಾಳೆ. ನಾನೂ ಬೇಡವೆನ್ನುವುದಿಲ್ಲ.