ಗಂಡಿಗಿಂತ ಮೊದಲು ಮಣೆ ಏರಿದ್ದು

ಕೈಯಲ್ಲಿದ್ದ ರೂಟರ್ ಗಕ್ಕನೆ ವಾಲಿ, ಮಗಳ ಮದುವೆಗೆಂದು ನಾನೇ ಮಾಡುತ್ತಿದ್ದ ಹಸೆಮಣೆಯ ಅಂಚನ್ನು ಕಚ್ಚಿಯೇಬಿಟ್ಟಿತು. ಮರದ ಅಂಚನ್ನು ದುಂಡಗೆ ಕೊರೆಯುವ ಆ ಮಿಷನ್ನಿನ ತಳ ಅಂಗೈಯಗಲ ಅಷ್ಟೆ. ತುದಿಗೆ ಬಂದರೆ ಅರ್ಧ ತಳ ಗಾಳಿಯಲ್ಲಿ. ತಲೆ ಮೇಲೆ ಕೈ ಹೊತ್ತು ಕೂತೆ.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ನಕ್ಕಳು. “ಎಲ್ರುಗೂ ಮಣೆ ಮಾಡ್ತೀಯ, ಅದು ಪಾಪ ತುದೀಲಿ ನಿಂತ್ಕಂಡು ಓಲಾಡ್ತೈತೆ. ಅದುಕ್ಕೂ ಒಂದು ಅಗಲವಾದ ಮಣೆ ಹಾಕು ಕಣ್ಲಾ!”

ಅವಳು ತಮಾಷೆಗೆ ಅಂದದ್ದು. ನನಗೆ ದಾರಿ ಕಂಡಿತು. ಹೊಳೆನರಸೀಪುರದಿಂದ ತಂದು ಉಳಿದಿದ್ದ ಪ್ಲೈವುಡ್ಡನ್ನು ಮೊಳದುದ್ದ ಕೊಯ್ದು, ನಡುವೆ ತೂತು ಕೊರೆದು, ರೂಟರಿನ ತಳಕ್ಕೆ ಸ್ಕ್ರೂ ಹಾಕಿ ಬಿಗಿದೆ. ಹಸೆಮಣೆಯ ಮೇಲೆ ಕೂತ ಅದರ ಬದಿಯನ್ನು ಅದುಮಿ ಹಿಡಿದು ಓಡಿಸಿದರೆ ಮಿಷನ್ ಅಲುಗಾಡಲೇ ಇಲ್ಲ. ಅಂಚನ್ನು ಇನ್ನೊಂದಿಷ್ಟು ಆಳಕ್ಕೆ ಕೊರೆದಾಗ ಕಚ್ಚಿದ ಗುರುತೂ ಮಾಯ! “ಮದ್ವೆ ಗಂಡಿಗಿಂತ ಮೊದ್ಲು ಈ ಮಿಷನ್ನೇ ಮಣೆ ಮ್ಯಾಲೆ ಕುಂತ್ಬುಡ್ತು ಕಣ್ರಪ್ಪ” ಎಂದು ಅವ್ವ ಬಂದವರಿಗೆಲ್ಲ ಹೇಳಿ ನಗಿಸಿದಳು.

ಮದುವೆ ಮುಗಿಯಿತು. ಮದುಮಕ್ಕಳು ಹಸೆಮಣೆಯಿಂದೆದ್ದು ಹೊಸ ಸಂಸಾರ ಹೂಡಿದ್ದಾರೆ. ರೂಟರ್ ಮಾತ್ರ ಇನ್ನೂ ತನ್ನ ಮಣೆ ಬಿಟ್ಟು ಎದ್ದಿಲ್ಲ.