ಹುಣಸೆಹಣ್ಣಿನಲ್ಲಿ ತೊಳೆದ ತೋಟಾಗಳು

ಆ ವರ್ಷದ ನನ್ನ ದಿನಚರಿಯಲ್ಲಿ ಆಯ್ಕೆಯ ದಿನಕ್ಕೆ ಸಿಕ್ಕಿರುವುದು ಒಂದೂವರೆ ಸಾಲು. 'ಹರಿಹರ. ಫೈರಿಂಗ್. ಹತ್ತರಲ್ಲಿ ನಾಲ್ಕು ಕಪ್ಪು ವೃತ್ತದೊಳಗೆ. ತೋಟಾ ಸರಿ ಇರಲಿಲ್ಲ.' ಆದರೆ ಈ ಕಥೆಯನ್ನು ಹೇಳುವಾಗಲೆಲ್ಲ ನಾನು ಹತ್ತಕ್ಕೆ ಹತ್ತು ತೋಟಾಗಳೂ ಕಲೆ ಬಿದ್ದವಾಗಿದ್ದವು ಎಂದೇ ಹೇಳುತ್ತ ಬಂದಿದ್ದೇನೆ. ಹತ್ತನ್ನೂ ನೋಡಿದ್ದೆನೇ? ಮೊದಲನೆಯದನ್ನು ಕೈಗೆ ತೆಗೆದುಕೊಂಡಾಗ ಹಿತ್ತಾಳೆಯ ಮೇಲೆ ಚಹಾ ಚೆಲ್ಲಿದಂಥ ಕಂದು ಗುರುತೊಂದು ಇದ್ದದ್ದು ಖಂಡಿತ. ಉಳಿದವುಗಳ ಬಗ್ಗೆ ಪ್ರಮಾಣ ಮಾಡಿ ಹೇಳಲಾರೆ.

ಚೀನಾ ಯುದ್ಧ ಮುಗಿದ ಮೇಲಿನ ಕಾಲ. ಕಾಲೇಜಿನ ಹುಡುಗರೆಲ್ಲ ಖಾಕಿ ತೊಟ್ಟು ಪೆರೇಡ್ ಮಾಡಲೇಬೇಕಾಗಿತ್ತು. ದಾವಣಗೆರೆಯ ನಮ್ಮ ಕಾಲೇಜಿನ ಕೆಡೆಟ್ ದಳದಿಂದ ಒಬ್ಬನನ್ನು ಬೆಂಗಳೂರಿನ ರೈಫಲ್ ಸ್ಪರ್ಧೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಆ ಒಬ್ಬ ನಾನೇ ಎಂದು ನಾನು ನಂಬಿದ್ದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದುತ್ತಿದ್ದೆ, ಗುಂಡು ಹೋಗುವ ದಾರಿಯನ್ನು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಬಲ್ಲವನಾಗಿದ್ದೆ. ಮಂಡಿಪೇಟೆಯ ಶೇಂಗಾ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆ ಸಾಲಂಗಡಿಯವರಿಗೆಲ್ಲ ಆಗಲೇ ಹೇಳಿ ಮುಗಿಸಿದ್ದರು.

ಆಯ್ಕೆಯ ದಿನ ಆನಗೋಡಿನಿಂದ ಬರುತ್ತಿದ್ದ ಸಹಪಾಠಿಯೊಬ್ಬ ಎಂಟು ಗುಂಡುಗಳನ್ನು ಕಪ್ಪು ವೃತ್ತದೊಳಗೆ ಇಟ್ಟ. ನಾನು ಇಟ್ಟದ್ದು ನಾಲ್ಕು. ನಮಗೆ ಕಲಿಸುತ್ತಿದ್ದ ಹವಾಲ್ದಾರರು ಸೈನ್ಯದಿಂದ ನಿವೃತ್ತರಾಗಿ ಬಂದವರು, ಹೊಳೆಸಾಲಿನ ಯಾವುದೋ ಹಳ್ಳಿಯವರು. ನಾನು ಅವರ ಮುಂದೆ ನಿಂತು ತೋಟಾಗಳ ಮೇಲೆ ದೂರು ಹೇಳಿದೆ.

"ಕಲೆ ಐತೆ, ಖರೆ. ಗುಂಡು ಹೋಗೋದು ಮುಂದಿನಿಂದ. ಕಲೆ ಇರೋದು ಹಿಂದೆ, ಹಿತ್ತಾಳಿ ಚಿಪ್ಪಿನ ಮ್ಯಾಲೆ," ಎಂದರು.

"ಚಿಪ್ಪು ಹಾಳಾಗಿದ್ದರೆ ಒಳಗಿನ ಮದ್ದೂ ಹಾಳಾಗಿರಬಹುದಲ್ಲ ಸರ್?"

"ಇರಬೌದು. ಇರದೇನೂ ಇರಬೌದು."

ಈ ಉತ್ತರ ನನ್ನನ್ನು ಎಷ್ಟು ಕೆರಳಿಸಿತೆಂದರೆ ಅಲ್ಲೇ ಒಂದು ಪರೀಕ್ಷೆಗೆ ಅನುಮತಿ ಕೇಳಿದೆ. ಹವಾಲ್ದಾರರು, ಸ್ಪರ್ಧೆಗೆ ಹೋಗುವವರ ಪಟ್ಟಿಯನ್ನು ಮುಂದಿನ ಸೋಮವಾರ ಕಳಿಸುವುದಾಗಿಯೂ, ಅದರ ಹಿಂದಿನ ದಿನ ಹರಿಹರದಲ್ಲಿ ಇನ್ನೊಮ್ಮೆ ಫೈರಿಂಗ್ ಇರುವುದಾಗಿಯೂ ಹೇಳಿದರು. ತಪ್ಪು ತೋಟಾದ್ದು ಎಂದು ಅಂದು ತೋರಿಸಿದರೆ ನನಗೆ ಮತ್ತೆ ಹತ್ತು ಗುಂಡು. ಇಲ್ಲವಾದರೆ ಆನಗೋಡಿನವನ ಹೆಸರು ಹೋಗುತ್ತದೆ.

ಗುರುವಾರ ಹವಾಲ್ದಾರರ ಎದುರಿಗೇ ಸ್ಟೋರಿನಲ್ಲಿ ಕೂತು ತೋಟಾಗಳನ್ನು ಆರಿಸಿದೆ. ಪಾಯಿಂಟ್ ಟೂ ಟೂ ತೋಟಾಗಳು, ಕಿರುಬೆರಳಿನ ಅರ್ಧದಷ್ಟೂ ಇಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡಿದೆ. ಕಂದು ಕಲೆ, ಗೀರು, ಉಗುರು ಒತ್ತಿದಂಥ ತಗ್ಗು, ಸೀಸದ ತುದಿಯಲ್ಲಿ ಬಿಳಿ ಪುಡಿ. ಇಂಥವು ಹತ್ತು ಒಂದು ಡಬ್ಬಿಗೆ, ಯಾವ ಊನವೂ ಇಲ್ಲದ ಹತ್ತು ಇನ್ನೊಂದಕ್ಕೆ. ಹೊಡೆಯುವ ನನಗೆ ಯಾವುದು ಯಾವ ಡಬ್ಬಿಯದೆಂದು ಗೊತ್ತಾಗದಂತೆ ಆನಗೋಡಿನವನೇ ತೋಟಾ ತುಂಬಿಕೊಡಬೇಕು, ಬರೆದಿಟ್ಟುಕೊಳ್ಳಬೇಕು. ಅವನು ಒಪ್ಪಿದ್ದ. ಒಪ್ಪಿದ್ದೂ ನನಗೆ ಸಿಟ್ಟು ತರಿಸಿತ್ತು. ಸೋಲುವ ಭಯವೇ ಇಲ್ಲವೇ ಇವನಿಗೆ?

ಸ್ಟೋರಿನ ಜವಾನ ಹಳಬ, ಮೊದಲು ಬಟ್ಟೆ ಗಿರಣಿಯಲ್ಲಿದ್ದವನು. ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಹೆಣ್ಣು ನೋಡೋಕೆ ಹೋದೋರೂ ಹಿಂಗೆ ನೋಡಲ್ರಿ ಯಪ್ಪಾ," ಎಂದ. "ಹಲ್ಲು ಒಂದು ಎಣಿಸೋದು ಬಿಟ್ಟೀರಿ."

ಶನಿವಾರ ದೊಡ್ಡ ಅಧಿಕಾರಿಯೊಬ್ಬರು ದಳದ ತಪಾಸಣೆಗೆ ಬರುವವರಿದ್ದರು. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಬೋರ್ಡಿನ ಮೇಲೆ ಸೂಚನೆಗಳನ್ನು ಬರೆಯುವ ಕೆಲಸ ನನ್ನದು. ಶುಕ್ರವಾರ ಬರೆದ ಸೂಚನೆಯಲ್ಲಿ, ಸ್ಟೋರಿನಲ್ಲಿರುವ ಹಿತ್ತಾಳೆಯ ಸಾಮಾನೆಲ್ಲ ಹೊಳೆಯುವಂತಿರಬೇಕು ಎಂಬ ಸಾಲೂ ಇತ್ತು. ಬೆಲ್ಟಿನ ಬಕಲು, ಟೋಪಿಯ ಬಿಲ್ಲೆ, ಗುಂಡಿ ಇವೆಲ್ಲ ನನ್ನ ಮನಸ್ಸಿನಲ್ಲಿದ್ದವು. ಪಾಲಿಶ್ ಡಬ್ಬಿ ಖಾಲಿಯಾದಾಗ ಮನೆಯ ತಂಬಿಗೆ ತಿಕ್ಕುವಂತೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವುದು ನಮ್ಮಲ್ಲಿ ರೂಢಿ.

ಭಾನುವಾರ ಸೈಕಲ್ ತುಳಿದು ಹರಿಹರಕ್ಕೆ ಹೋದೆವು. ರೈಫಲ್ಲು, ತೋಟಾಗಳ ಜೊತೆ ಹವಾಲ್ದಾರರೂ ಜವಾನನೂ ವ್ಯಾನಿನಲ್ಲಿ ಮೊದಲೇ ತಲುಪಿದ್ದರು. ಹೊಳೆಯ ದಂಡೆಯ ಕೆಳಗೆ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಯ ಕಾಗದಗಳು, ಪಕ್ಕದಲ್ಲಿ ಕೆಂಪು ಬಾವುಟದ ಗಳ. ಜವಾನ ನನ್ನ ಕೈಗೆ ಒಂದೇ ಒಂದು ಡಬ್ಬಿ ಕೊಟ್ಟ. ತೆರೆದೆ. ಇಪ್ಪತ್ತೂ ತೋಟಾಗಳು ಒಟ್ಟಿಗೆ ಬಿದ್ದಿದ್ದವು, ಒಂದಕ್ಕಿಂತ ಒಂದು ಹೊಳೆಯುತ್ತ. ಕಲೆ ಎಂಬುದು ಹೆಸರಿಗೂ ಇರಲಿಲ್ಲ.

"ಇದೇನು ಮಾಡಿದೆ?" ಎಂದೆ.

"ತಿಕ್ಕಿದೀನ್ರಿ. ಸಾಹೇಬ್ರು ಬರ್ತಾರೆ, ಹಿತ್ತಾಳಿ ಎಲ್ಲ ಹೊಳೀಬೇಕು ಅಂತ ನೀವೇ ಬರ್ದಿದ್ರಿ."

"ಎರಡು ಡಬ್ಬಿ ಬೇರೆ ಬೇರೆ ಇಟ್ಟಿದ್ದೆನಲ್ಲ?"

"ಚಲೋವು ಒಂದ್ರಾಗ, ಹೊಲಸಾದವು ಒಂದ್ರಾಗ ಇದ್ವು. ಈಗ ಎಲ್ಲಾ ಚಲೋ ಆದ್ವಲ್ರಿ. ಎರಡು ಡಬ್ಬಿ ಯಾಕ?"

ಅವನ ಬೆರಳ ಸಂದಿಗಳು ಹುಳಿಗೆ ಬೆಳ್ಳಗಾಗಿ ಬಿರಿದಿದ್ದವು. ಬಯ್ಯಲು ಹೋಗದೆ ಡಬ್ಬಿಯನ್ನು ಹಾಗೇ ಮುಂದೆ ಚಾಚಿದೆ. ಹವಾಲ್ದಾರರು ಒಂದು ತೋಟಾ ತೆಗೆದುಕೊಂಡು ಸೀಸದ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಇದರ ಮ್ಯಾಲೆ ತೆಳ್ಳಗೆ ಮೇಣ ಇರ್ತದೆ. ನಳಿಗಿಯೊಳಗೆ ಸಲೀಸಾಗಿ ಹೋಗ್ಲಿ ಅಂತ. ಅದನ್ನೂ ತೊಳ್ದು ಹಾಕ್ಯಾನ. ಗುರಿ ಕೆಡ್ಸೋ ಸಾಮಾನು ಯಾವುದಾದ್ರೂ ಇದ್ರೆ, ಕಲೆ ಅಲ್ಲ, ಇದು," ಎಂದರು.

ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ಆದರೂ ಹೊಡೆಯುತ್ತೇನೆ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಮೇಣ ಹೋದ ತೋಟಾ, ಗುಂಡು ಚದುರಿದರೆ ಹೇಳಲು ಹೊಸ ಕಾರಣ ಸಿಕ್ಕಿತು ಎಂದುಕೊಂಡಿರಲೂಬಹುದು. ಐದು ಹೊಡೆದೆ. ಒಂದು ಕಪ್ಪಿನೊಳಗೆ, ನಾಲ್ಕು ಕೆಳಗೆ ಬಲಕ್ಕೆ. ಆನಗೋಡಿನವನೂ ಅದೇ ಡಬ್ಬಿಯಿಂದ ಐದು ತೆಗೆದುಕೊಂಡು, ಅವುಗಳ ಕಡೆ ನೋಡದೆಯೇ ಒಂದೊಂದಾಗಿ ತುಂಬಿ ಹೊಡೆದ. ಒಂದು ಸ್ವಲ್ಪ ಮೇಲಕ್ಕೆ ಹೋಯಿತು, ನಾಲ್ಕು ಕಪ್ಪಿನೊಳಗೆ ಬಿದ್ದವು.

"ನೀನು ತೋಟಾ ನೋಡೋದೇ ಇಲ್ಲವಲ್ಲ," ಎಂದೆ.

"ನೋಡಿದ್ರೆ ಅದೇನು ಮಾತಾಡ್ತೈತೇನು?" ಎಂದ. ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಹವಾಲ್ದಾರರು ನನ್ನನ್ನು ಮತ್ತೆ ಮಲಗಿಸಿದರು. ರೈಫಲ್ಲನ್ನು ತಾವೇ ತೆಗೆದುಕೊಂಡು ನನಗೆ ಬೆನ್ನು ಮಾಡಿ ತೋಟಾ ತುಂಬಿ ಕೊಟ್ಟರು. ಗುರಿ ಹಿಡಿದು ಉಸಿರು ಕಟ್ಟಿ ಟ್ರಿಗರ್ ಎಳೆದೆ. ಸದ್ದಾಗಲಿಲ್ಲ. ಟಕ್ ಎಂದಿತು, ಅಷ್ಟೆ. ಆದರೆ ನಳಿಗೆ ಒದೆ ತಿಂದಂತೆ ಕೆಳಕ್ಕೆ, ಬಲಕ್ಕೆ ಮುಗ್ಗರಿಸಿತು. ಅವರು ತುಂಬಿದ್ದು ಹೊಡೆದು ಮುಗಿದ ಖಾಲಿ ಚಿಪ್ಪು. ಹಿಂದೆ ನಿಂತ ಹುಡುಗರು ನಕ್ಕರು. ಇನ್ನೊಮ್ಮೆ ತುಂಬಿ ಕೊಟ್ಟರು. ಈ ಸಲವೂ ಖಾಲಿಯೇ ಇರಬಹುದೆಂದು ಅನುಮಾನವಿದ್ದರೂ ನಳಿಗೆ ಮತ್ತೆ ಮುಗ್ಗರಿಸಿತು.

"ಗುಂಡು ಹಾರೋಕಿಂತ ಮುಂಚೆ ನೀನು ಹಾರ್ತೀಯಲ್ಲೋ," ಎಂದರು. "ಒತ್ತೋದು ಬಿಟ್ಟು ಜಗ್ತಿ. ತೋಟಾದ ಮ್ಯಾಲೆ ಹೇಳಬ್ಯಾಡ."

ಎದ್ದು ಮೊಣಕೈ ಮಣ್ಣು ಕೊಡವಿಕೊಂಡೆ. ಅಷ್ಟಾದ ಮೇಲೂ ನನ್ನ ವಾದ ಮುಗಿದಿರಲಿಲ್ಲ. ತರಬೇತಿಯ ಮೊದಲ ವಾರಗಳಲ್ಲಿ ನಾನು ಚೆನ್ನಾಗಿ ಹೊಡೆದವನೇ, ಅದು ಅವರಿಗೂ ಗೊತ್ತಿತ್ತು. ಹಾಗಿದ್ದರೆ ಈ ಜಗ್ಗಾಟ ಯಾವಾಗ ಶುರುವಾಯಿತು? ಆಯ್ಕೆಯ ದಿನ ಆ ಕಂದು ಕಲೆ ನೋಡಿದ ಮೇಲೆಯೇ? ಹಾಗಾದರೆ ಕಲೆ ಗುರಿ ಕೆಡಿಸಿತು ಎಂಬ ನನ್ನ ಮಾತು ಪೂರ್ತಿ ಸುಳ್ಳಲ್ಲ ತಾನೆ? ಇದನ್ನೇ ಅವರಿಗೆ ಕೇಳಿದೆ.

"ನಂಗೆ ಹೆಂಗೆ ಗೊತ್ತಾಗ್ಬೇಕು? ಬೆರಳು ನಿಂದು," ಎಂದು ಹವಾಲ್ದಾರರು ಚಿಪ್ಪುಗಳನ್ನು ಚೀಲಕ್ಕೆ ಹಾಕತೊಡಗಿದರು.

ಸೋಮವಾರ ಪಟ್ಟಿ ಹೋಯಿತು. ಮರುವರ್ಷ ನಾನು ಪದವಿ ಮುಗಿಸಿದೆ, ಮತ್ತೆ ರೈಫಲ್ ಮುಟ್ಟಲಿಲ್ಲ. ಕಲೆ ಬಿದ್ದ ತೋಟಾ ನಿಜಕ್ಕೂ ಗುರಿ ಕೆಡಿಸುತ್ತದೆಯೇ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗಬಹುದಾಗಿದ್ದ ಒಂದೇ ಡಬ್ಬಿಯನ್ನು ನನ್ನ ದುಂಡಗಿನ ಅಕ್ಷರವೇ ತೊಳೆದು ಹಾಕಿತು.

ನೆನಪನ್ನು ನಂಬಬಾರದೆಂದೇ ದಿನಚರಿ ಇಟ್ಟವನು ನಾನು. ಇದನ್ನು ಬರೆಯುವ ಮೊದಲು ಆ ಭಾನುವಾರದ ಪುಟ ತೆಗೆದು ನೋಡಿದೆ. ಹುಣಸೆಹಣ್ಣಿನ ಸುದ್ದಿ ಅಲ್ಲಿಲ್ಲ, ಖಾಲಿ ಚಿಪ್ಪಿನ ಸುದ್ದಿಯೂ ಇಲ್ಲ. ಆ ಸಂಜೆ ಅಂಗಡಿಯಿಂದ ಬಂದು, ಚಪ್ಪಲಿ ಬಿಡುವ ಮೊದಲೇ "ಏನಾತು?" ಎಂದು ಕೇಳಿದ ತಂದೆಗೆ ನಾನು ಕೊಟ್ಟ ಉತ್ತರವೇ ಪುಟದಲ್ಲೂ ಇದೆ. 'ಹರಿಹರ. ಹೊಳೆ ಕಡೆಯಿಂದ ಗಾಳಿ ಬಹಳ ಇತ್ತು.'

ನನ್ನ ನೆನಪಿನಲ್ಲಿ ಆ ಕೆಂಪು ಬಾವುಟ ಬೆಳಗಿನಿಂದ ಮಧ್ಯಾಹ್ನದವರೆಗೂ ಗಳಕ್ಕೆ ಅಂಟಿಕೊಂಡೇ ನಿಂತಿತ್ತು.